ರ‍್ಯಾಂಪ್ ನಕ್ಷೆಯಲ್ಲೇ ಇರಲಿ



ಹಿರೇಕೆರೂರಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಗಿರುವ ರಟ್ಟೀಹಳ್ಳಿಗೆ ಹಳೆಯ ಪಟ್ಟಣಗಳಿಗಿಲ್ಲದ ಅನುಕೂಲವೊಂದಿದೆ: ಇಲ್ಲಿ ಮುಂದೆ ತಲೆಯೆತ್ತುವ ಸರ್ಕಾರಿ ಕಟ್ಟಡಗಳನ್ನು ಅಂಗವಿಕಲರು ಯಾರ ಹೆಗಲನ್ನೂ ಆಶ್ರಯಿಸದೆ ಬಳಸುವಂತೆ ನಕ್ಷೆಯ ಹಂತದಲ್ಲೇ ರೂಪಿಸಬಹುದು. ಹಳೆಯ ಕಾನೂನು ಗುರುತಿಸಿದ್ದ 7 ಬಗೆಯ ವೈಕಲ್ಯಗಳನ್ನು 21ಕ್ಕೆ ವಿಸ್ತರಿಸಿದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 44ನೇ ಸೆಕ್ಷನ್, ಸುಗಮ್ಯತೆಯ ನಿಯಮಗಳನ್ನು ಪಾಲಿಸದ ಕಟ್ಟಡಕ್ಕೆ ನಿರ್ಮಾಣದ ಅನುಮತಿಯನ್ನಾಗಲಿ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ ಕೊಡಕೂಡದೆಂದು ವಿಧಿಸುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, 2017ರ ಜೂನ್‌ನಲ್ಲಿ ನಿಯಮಗಳು ಪ್ರಕಟವಾದಂದಿನಿಂದ 5 ವರ್ಷಗಳ ಗಡುವಿತ್ತು. ಅದು ಮುಗಿದು ವರ್ಷಗಳೇ ಕಳೆದಿವೆ. ಈ ನಿಯಮಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ರ‍್ಯಾಂಪ್, ಅಂದರೆ ಗಾಲಿಕುರ್ಚಿ ಏರಬಲ್ಲ ಇಳಿಜಾರು ಹಾದಿ, 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಬೈಕು ಹತ್ತಿಸುವುದಕ್ಕಷ್ಟೇ ಒದಗುವ ಕಡಿದಾದ ಸಿಮೆಂಟು ಹಾಸನ್ನು ಆ ಹೆಸರಿನಿಂದ ಕರೆಯುವುದು ಲೆಕ್ಕಪತ್ರದ ಸಮಾಧಾನ ಮಾತ್ರ.

ಆದರೆ ಕಟ್ಟಡಕ್ಕಿಂತ ಮೊದಲು ಎದುರಾಗುವುದು ಅಂಗವೈಕಲ್ಯದ ಪ್ರಮಾಣಪತ್ರದ ಪ್ರಶ್ನೆ. ಮಾಸಾಶನಕ್ಕೂ ರಿಯಾಯಿತಿ ಬಸ್ ಪಾಸಿಗೂ ಬೇಕಾಗುವ ವಿಶಿಷ್ಟ ಗುರುತಿನ ಚೀಟಿಯು ವೈದ್ಯಕೀಯ ತಪಾಸಣೆಯನ್ನು ಅವಲಂಬಿಸಿರುವುದರಿಂದ, ತಜ್ಞ ವೈದ್ಯರೇ ರಟ್ಟೀಹಳ್ಳಿಗೆ ಬರುವ ಶಿಬಿರಗಳನ್ನು ನಿಯತವಾಗಿ ನಡೆಸಿ, ಅವುಗಳ ದಿನಾಂಕವನ್ನು ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಮನೆಮನೆಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಕೈಗೊಳ್ಳಬೇಕು.

– ಓದುಗರೊಬ್ಬರು, ರಟ್ಟೀಹಳ್ಳಿ