ಯಾರ ಆಯುಷ್ಯದ ಎಣ್ಣೆ?

ಕೆಲವು ವರ್ಷಗಳ ಹಿಂದೆ ಒಂದು ಕಾರಿನ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಇಂಥ ಕೆಲಸದಲ್ಲಿ ಪುಸ್ತಕ ಇಡಿಯಾಗಿ ಕೈಗೆ ಸಿಗುವುದಿಲ್ಲ. ಬಿಡಿಬಿಡಿ ಸಾಲುಗಳು ಕಂಪ್ಯೂಟರ್ ಪರದೆಯ ಚೌಕಗಳಲ್ಲಿ ಬರುತ್ತವೆ, ಪಕ್ಕದ ಚೌಕ ತುಂಬುತ್ತಾ ಹೋಗಬೇಕು. ಒಂದು ಚೌಕದಲ್ಲಿ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ‘ಲೈಫ್‌ಟೈಮ್’ ಎಣ್ಣೆ, ಬದಲಾಯಿಸುವ ಅಗತ್ಯವಿಲ್ಲ ಎಂದಿತ್ತು. ಅಲ್ಲಿ ಕೈ ನಿಂತಿತು. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಸಂಬಂಧವನ್ನು ಓದುವವರೇ ಊಹಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಬಿಡಿಸಿ ಹೇಳಹೊರಟರೆ ಷಷ್ಠಿ ವಿಭಕ್ತಿ ಬೇಕು: ಯಾರ ಆಯುಷ್ಯ? ಎಣ್ಣೆಯದೋ, ಗೇರ್‌ಬಾಕ್ಸಿನದೋ, ಕಾರಿನದೋ?

ಕೆಲಸ ಕೊಟ್ಟವರನ್ನು ಕೇಳಿದೆ. ಮೂಲದಲ್ಲಿ ಇದ್ದಂತೆ ಮಾಡಿ ಎಂಬ ಉತ್ತರ ಬಂತು. ‘ಜೀವಿತಾವಧಿಯ ಎಣ್ಣೆ’ ಎಂದು ಬರೆದು ಮುಂದಿನ ಚೌಕಕ್ಕೆ ಹೋದೆ. ಸಮಾಸ ಮಾಡಿದರೆ ನಮ್ಮಲ್ಲೂ ಪ್ರಶ್ನೆ ಮುಚ್ಚಿಹೋಗುತ್ತದೆ.

ಆ ಸಾಲು ಮತ್ತೆ ಎದುರಾದದ್ದು ಗುರುಗ್ರಾಮದಲ್ಲಿ, ನಮ್ಮ ಭಾವನ ಮನೆಯ ಪಾರ್ಕಿಂಗಿನಲ್ಲಿ. ಭಾವ ಎಂಟು ವರ್ಷ ಹಳೆಯ ಜರ್ಮನ್ ಡೀಸೆಲ್ ಕಾರೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು. ಹೊಸ ಸಣ್ಣ ಕಾರಿಗೆ ಕೊಡುವಷ್ಟೇ ದುಡ್ಡು, ಓಡಿದ್ದು 1 ಲಕ್ಷ 10 ಸಾವಿರ ಕಿಲೋಮೀಟರು. ಆರು ತಿಂಗಳಿಗೆ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜರ್ಕ್ ಹೊಡೆಯತೊಡಗಿತು. ಕಂಪನಿ ಸರ್ವಿಸ್‌ನಲ್ಲಿ ಎಣ್ಣೆಯ ಮಾತೆತ್ತಿದರೆ “ಅದು ಲೈಫ್‌ಟೈಮ್ ಸರ್, ನಾವು ಮುಟ್ಟುವುದಿಲ್ಲ” ಎಂದರು. ಹಾಗಾದರೆ ಪರಿಹಾರವೇನು? ಗೇರ್‌ಬಾಕ್ಸನ್ನೇ ಬದಲಾಯಿಸುವುದು. ಅಂದಾಜು ಪಟ್ಟಿಯ ಮೊತ್ತ ಕಾರು ಕೊಂಡ ಬೆಲೆಯ ಅರ್ಧ ದಾಟಿತ್ತು. “ನಿನ್ನ ಭಾಷಾಶಾಸ್ತ್ರದಲ್ಲಿ ಲೈಫ್‌ಟೈಮ್ ಅಂದ್ರೆ ಏನೋ?” ಎಂದು ಭಾವ ನಕ್ಕರು. ನನಗೆ ನಗು ಬರಲಿಲ್ಲ.

ಗೇರ್‌ಬಾಕ್ಸಿನ ಎಣ್ಣೆ ಬರೀ ಜಾರಿಸುವ ಎಣ್ಣೆಯಲ್ಲ. ಈ ಕಾರಿನಲ್ಲಿದ್ದದ್ದು ಜರ್ಮನಿಯ ಜಡ್‌ಎಫ್ ತಯಾರಿಸುವ ಎಂಟು ಗೇರಿನ ಪೆಟ್ಟಿಗೆ. ನಾಲ್ಕು ಗ್ರಹಚಕ್ರ ಜೋಡಣೆಗಳು, ಅವನ್ನು ಹಿಡಿದು ಬಿಡುವ ಐದು ಕ್ಲಚ್ಚು-ಬ್ರೇಕುಗಳು. ಆ ಹಿಡಿತ ಎಣ್ಣೆಯ ಒತ್ತಡದಿಂದಲೇ ಬರಬೇಕು. ತಂಪು ಮಾಡುವುದೂ ಅದೇ ಎಣ್ಣೆ. ಕ್ಲಚ್ ಸವೆದ ಪುಡಿ ಅದರಲ್ಲೇ ಸೇರುತ್ತದೆ, ಬಿಸಿಗೆ ಅದರ ಗುಣ ಇಳಿಯುತ್ತದೆ. ಮೇ ತಿಂಗಳ 44 ಡಿಗ್ರಿಯಲ್ಲಿ ದೆಹಲಿ-ಗುರುಗ್ರಾಮ ಗಡಿಯಲ್ಲಿ ಮುಕ್ಕಾಲು ಗಂಟೆ ತೆವಳುವ ಕಾರಿನ ಎಣ್ಣೆಗೂ ಜರ್ಮನಿಯ ಹೆದ್ದಾರಿಯಲ್ಲಿ ಓಡುವ ಕಾರಿನ ಎಣ್ಣೆಗೂ ಒಂದೇ ಆಯುಷ್ಯ ಇರಲಾರದು.

ಗೇರ್‌ಬಾಕ್ಸ್ ಮಾಡಿದವರೇ ‘ಲೈಫ್‌ಟೈಮ್’ ಎನ್ನುವುದಿಲ್ಲ ಎಂಬುದು ಇಲ್ಲಿನ ವಿಚಿತ್ರ. ಓಡಿಸುವ ರೀತಿಗೆ ತಕ್ಕಂತೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿ ಎಂದು ಜಡ್‌ಎಫ್ ಹೇಳುತ್ತದೆ. ಪೆಟ್ಟಿಗೆ ಮಾಡಿದವರ ಕಾಗದದಲ್ಲಿ ಅಂಕಿ ಇದೆ. ಕಾರು ಮಾರಿದವರ ಕಾಗದದಲ್ಲಿ ವಿಶೇಷಣ ಇದೆ. ಕೊಳ್ಳುವವರ ಕೈಗೆ ಬರುವುದು ಎರಡನೆಯದು.

ಕೊನೆಗೆ ಹೋದದ್ದು ಪಶ್ಚಿಮ ದೆಹಲಿಯ ಮಾಯಾಪುರಿಯ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿನ ಉಸ್ತಾದರು ಬೆಳಿಗ್ಗೆ ಆರಕ್ಕೇ ಗಾಡಿ ತರಬೇಕು, ರಾತ್ರಿಯೇ ತಂದು ನಿಲ್ಲಿಸಿದರೆ ಇನ್ನೂ ಒಳ್ಳೆಯದು ಎಂದರು. ಕಾರಣ ಆಮೇಲೆ ತಿಳಿಯಿತು. ಈ ಪೆಟ್ಟಿಗೆಗೆ ಅಳತೆ ಕಡ್ಡಿ ಇಲ್ಲ. ಎಂಜಿನ್ ಓಡುತ್ತಿರುವಾಗ, ಎಣ್ಣೆ 30ರಿಂದ 50 ಡಿಗ್ರಿಯೊಳಗೆ ಇರುವಾಗ, ತುಂಬುವ ರಂಧ್ರದಿಂದ ಸಣ್ಣಗೆ ಹೊರಚೆಲ್ಲುವ ಮಟ್ಟವೇ ಸರಿಯಾದ ಮಟ್ಟ. ಮೇ ತಿಂಗಳ ಮಧ್ಯಾಹ್ನ ಎಣ್ಣೆ 50 ದಾಟಲು ಎಷ್ಟು ಹೊತ್ತು? ಇಂಗ್ಲಿಷ್ ಕಾಗದದ ಸಾಲುಗಳನ್ನು ನಾನು ಹಿಂದಿಯಲ್ಲಿ ಓದಿ ಹೇಳುತ್ತಿದ್ದೆ. ಬೆಳಿಗ್ಗೆ ಆರರ ವಿಷಯ ಆ ಕಾಗದದಲ್ಲಿ ಇರಲಿಲ್ಲ. ಹಳೆಯ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತಿತ್ತು. ತಳದ ಪ್ಲಾಸ್ಟಿಕ್ ತಟ್ಟೆ ಮತ್ತು ಫಿಲ್ಟರ್ ಒಂದೇ ಭಾಗ, ಅದನ್ನೂ ಬದಲಿಸಿದರು. ಖರ್ಚು ಅಂದಾಜು ಪಟ್ಟಿಯ ಹತ್ತನೇ ಒಂದಕ್ಕಿಂತ ಕಡಿಮೆ. ಎರಡು-ಮೂರರ ಜರ್ಕ್ ಹೋಯಿತು. ಚಳಿಯ ಬೆಳಿಗ್ಗೆ ರಿವರ್ಸ್ ಹಾಕಿದರೆ ಬರುವ ಗುದ್ದು ಉಳಿಯಿತು. ಎರಡು ವರ್ಷ ಮೊದಲೇ ಬಂದಿದ್ದರೆ ಅದೂ ಇರುತ್ತಿರಲಿಲ್ಲ ಎಂದರು ಉಸ್ತಾದರು.

ಐಷಾರಾಮಿ ಕಾರಿನವರ ಗೋಳು ನಮಗೇಕೆ ಎನ್ನಬಹುದು. ಹೊಸದಾಗಿ ಕೊಂಡವರಿಗೆ ಈ ಗೋಳು ಇಲ್ಲ. ವಾರಂಟಿ ಮುಗಿಯುವ ಹೊತ್ತಿಗೆ ಅವರು ಮಾರಿರುತ್ತಾರೆ. ದೆಹಲಿಯಲ್ಲಂತೂ ಕಾರಿನ ಆಯುಷ್ಯಕ್ಕೆ ಕಾನೂನೇ ಗಡುವು ಬರೆದಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಮಿತಿಯನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಇಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನ ನಿಲ್ಲಿಸಿ, ಕೆಲವೇ ದಿನಗಳಲ್ಲಿ ಆ ಕ್ರಮವನ್ನು ತಡೆಹಿಡಿದರು. ಗೊಂದಲ ಏನೇ ಇರಲಿ, ಎಂಟು-ಒಂಬತ್ತು ವರ್ಷವಾದ ಡೀಸೆಲ್ ಕಾರಿನ ಬೆಲೆ ಇಲ್ಲಿ ಕುಸಿಯುತ್ತದೆ. ಎನ್‌ಒಸಿ ಪಡೆದು ಅದು ಬೇರೆ ರಾಜ್ಯಕ್ಕೆ ಹೋಗುತ್ತದೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಅದನ್ನು ಕೊಳ್ಳುವವರು ಶ್ರೀಮಂತರಲ್ಲ, ಒಮ್ಮೆಯಾದರೂ ಅಂಥ ಕಾರು ಓಡಿಸಬೇಕೆಂದು ಸಾಲ ಮಾಡಿದವರು. ‘ಲೈಫ್‌ಟೈಮ್’ ಮುಗಿದ ಎಣ್ಣೆ ಅವರ ಪಾಲಿಗೆ ಬರುತ್ತದೆ.

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಕಾರಣ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕು’ ಪೋರ್ಟಲ್ ತೆರೆಯಿತು; ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದರೆ ಮಾಹಿತಿ ಸಿಕ್ಕರೂ ಅದು ‘ಲೈಫ್‌ಟೈಮ್’ ಎಂಬ ಭಾಷೆಯಲ್ಲಿದ್ದರೆ ಏನು ಪ್ರಯೋಜನ? ಗೇರ್‌ಬಾಕ್ಸ್ ಎಣ್ಣೆಗೆ ಕಿಲೋಮೀಟರು ಮತ್ತು ವರ್ಷವನ್ನು ಅಂಕಿಯಲ್ಲೇ ಬರೆಯಬೇಕು, ಈ ದೇಶದ ಬಿಸಿಲು ಮತ್ತು ಟ್ರಾಫಿಕ್ಕಿಗೆ ಹೊಂದುವ ಅಂಕಿ ಇರಬೇಕು, ಮೆಕ್ಯಾನಿಕ್ ಓದುವ ಭಾಷೆಯಲ್ಲಿ ಇರಬೇಕು ಎಂದು ನಿಯಮವಾಗಲಿ. ಅಂಕಿಯನ್ನು ಅನುವಾದಿಸುವಾಗ ಯಾರೂ ಜಾರಿಕೊಳ್ಳಲಾಗದು, ನಾನೂ ಸೇರಿ.

ಅಲ್ಲಿಯವರೆಗೆ, ದೆಹಲಿ ನೋಂದಣಿಯ ಆಟೊಮ್ಯಾಟಿಕ್ ಕಾರು ಅಗ್ಗಕ್ಕೆ ಸಿಕ್ಕರೆ ಒಂದು ಪ್ರಶ್ನೆ ಕೇಳಿ: ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದ ಬಿಲ್ ಇದೆಯೇ? ಇಲ್ಲ ಎಂದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಜರ್ಕ್ ಆಗಲೇ ಇದ್ದರೆ ಬಿಟ್ಟುಬಿಡಿ. ಭಾವನ ಕಾರಿಗೂ ಹತ್ತು ವರ್ಷ ಹತ್ತಿರವಾಗುತ್ತಿದೆ, ಮಾರುವ ಯೋಚನೆಯಲ್ಲಿದ್ದಾರೆ. ಮಾಯಾಪುರಿಯ ಬಿಲ್ಲನ್ನು ಆರ್‌ಸಿ ಜೊತೆಗೇ ಇಟ್ಟಿದ್ದಾರೆ. ರಿವರ್ಸಿನ ಗುದ್ದಿನ ವಿಷಯವನ್ನೂ ಕೊಳ್ಳುವವರಿಗೆ ಹೇಳಬೇಕು ಎಂದು ನಾನು ಒತ್ತಾಯಿಸಿದ್ದೇನೆ. ಇನ್ನೂ ಒಪ್ಪಿಲ್ಲ.