ಕಟವಪ್ರದ ಗಿರಿವರ್ಣನೆ: ಆಕರವೋ, ಕಾವ್ಯವೋ?

ಇಳಕಲ್ಲು, ಹುನಗುಂದ, ಬಾದಾಮಿಗಳ ಕನ್ನಡ ವಿದ್ಯಾರ್ಥಿಗಳಿಗೆ ಎರಡು ಮಹತ್ವದ ಶಾಸನಗಳು ಮನೆಯಂಗಳದಲ್ಲಿಯೇ ಇವೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ತ್ರಿಪದಿಯ ಪ್ರಾಚೀನತೆಗಾಗಿ ಕಲಿಸಲಾಗುತ್ತದೆ. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಶಕ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ರವಿಕೀರ್ತಿ ಬರೆಸಿದ ಪ್ರಶಸ್ತಿಯನ್ನು ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕೆ ಸಾಕ್ಷಿಯಾಗಿ ಕಲಿಸಲಾಗುತ್ತದೆ. ಶಾಸನವೆಂದರೆ ಇತಿಹಾಸದ ಅಥವಾ ಛಂದಸ್ಸಿನ ಆಕರವಷ್ಟೇ ಎಂಬ ಭಾವನೆ ಬೇರೂರುವುದು ಹೀಗೆ. ಈ ಭಾವನೆಯಿಂದ ಹೆಚ್ಚು ನಷ್ಟಕ್ಕೊಳಗಾದುದು ಶ್ರವಣಬೆಳಗೊಳದ ಚಂದ್ರಗಿರಿಯ ಒಂದನೆಯ ಶಾಸನ.

ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯಲ್ಲಿರುವ ಈ ಶಾಸನದ ಕಾಲ ಸುಮಾರು ಕ್ರಿ.ಶ. 600, ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರು ಇದರ ಮುಂದೆ ಕುಳಿತು ಕೇಳಿದ ಪ್ರಶ್ನೆ ಒಂದೇ: ಇಲ್ಲಿಯ ಭದ್ರಬಾಹು ಯಾರು? ಪ್ರಭಾಚಂದ್ರನೆಂಬವನು ಚಂದ್ರಗುಪ್ತ ಮೌರ್ಯನೇ? ರೈಸ್ ಹೌದೆಂದರು, ಜೆ.ಎಫ್. ಫ್ಲೀಟ್ ಅಲ್ಲವೆಂದರು. ವಾದ ಅಗತ್ಯವಾದುದೇ. ಆದರೆ ಅದರ ಗದ್ದಲದಲ್ಲಿ ಶಾಸನದ ನಡುವೆ ನಿಂತ ಬೆಟ್ಟವೇ ಕಾಣದಾಯಿತು.

ಕಟವಪ್ರವೆಂಬ ಆ ಬೆಟ್ಟವನ್ನು, ಕನ್ನಡದ ಕಳ್ಬಪ್ಪನ್ನು, ಅಜ್ಞಾತ ಕವಿ ದೀರ್ಘ ಸಮಾಸಗಳಲ್ಲಿ ವರ್ಣಿಸುತ್ತಾನೆ. ಹೂವು ಹಣ್ಣುಗಳ ಮರಗಳಿಂದ ಬಣ್ಣಬಣ್ಣವಾದ, ನೀರು ತುಂಬಿದ ಮುಗಿಲಿನಂತೆ ಕಪ್ಪಾದ ಬಂಡೆಗಳು. ಹಂದಿ, ಚಿರತೆ, ಹುಲಿ, ಕರಡಿ, ಹಾವು, ಜಿಂಕೆಗಳು ನೆರೆದ ಕಣಿವೆ ಗುಹೆಗಳು. ಆಮೇಲೆ ಆಚಾರ್ಯ ಬರುತ್ತಾನೆ. ಆಯುಷ್ಯ ಅಲ್ಪವೇ ಉಳಿದಿದೆಯೆಂದು ಅರಿತು ಸಂಘವನ್ನೆಲ್ಲ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಉಳಿದು, ತಣ್ಣನೆಯ ಬಂಡೆಗಳ ಮೇಲೆ ಸಮಾಧಿಯನ್ನು ಸಾಧಿಸುತ್ತಾನೆ.

ಗಿರಿವರ್ಣನೆ ಅಷ್ಟಾದಶ ವರ್ಣನೆಗಳಲ್ಲೊಂದು, ಕವಿಗಳೆಲ್ಲ ರೂಢಿಗಾಗಿ ಬರೆಯುವಂಥದು ಎಂಬ ಆಕ್ಷೇಪ ನಿಲ್ಲುವುದಿಲ್ಲ. ಕಾಳಿದಾಸನ 'ಕುಮಾರಸಂಭವ' ಹಿಮಾಲಯದ ವರ್ಣನೆಯಿಂದಲೇ ಮೊದಲಾಗುತ್ತದೆ. ಕಾಳಿದಾಸ ಭಾರವಿಗಳ ಕೀರ್ತಿಗೆ ತಾನು ಸಮನೆಂದು ಹೇಳಿಕೊಂಡ ರವಿಕೀರ್ತಿ ಮಾತ್ರ ಬೆಟ್ಟದ ನೆತ್ತಿಯ ಬಸದಿಯಲ್ಲಿ ನಿಂತೂ ಆ ಬೆಟ್ಟವನ್ನು ವರ್ಣಿಸಲಿಲ್ಲ. ಅವನ ವಸ್ತು ರಾಜ, ಬೆಟ್ಟ ಅದಕ್ಕೆ ಬೇಕಿರಲಿಲ್ಲ. ಕಟವಪ್ರದ ಕವಿಗೆ ಬೇಕಿತ್ತು. ಮೃಗಗಳ ಆ ಪಟ್ಟಿ ಇಲ್ಲದಿದ್ದರೆ ಸಂಘವನ್ನು ಬೀಳ್ಕೊಟ್ಟವನ ಏಕಾಂತದ ಆಳ ಓದುಗನಿಗೆ ತಿಳಿಯದು. ಮುಗಿಲಬಣ್ಣದ ಬಂಡೆಯನ್ನು ಮೊದಲೇ ಕಾಣಿಸದಿದ್ದರೆ ಕೊನೆಯ ಬಂಡೆಯ ತಣ್ಪು ಮೈಗೆ ತಾಗದು. ರೂಢಿಯ ಅಲಂಕಾರವನ್ನು ಸಲ್ಲೇಖನದ ಭೂಮಿಕೆಯಾಗಿ ಮಾರ್ಪಡಿಸಿದ ಕೃತಿಯಿದು.

ಪವಿತ್ರ ಪರ್ವತದ ಕಾವ್ಯಕ್ಕೆ ಹೆಸರಾದ ಚೀನಾದಲ್ಲಿ ಈ ವಿಭಜನೆ ಹೀಗಿರಲಿಲ್ಲ. ತೈಷಾನ್ ಪರ್ವತವನ್ನು ಕುರಿತು ದು ಫು ತಾರುಣ್ಯದಲ್ಲಿ ಬರೆದ ಕವಿತೆ ಪ್ರಸಿದ್ಧವಾಗಿದೆ. ಅದೇ ಪರ್ವತದ ಬಂಡೆಯಲ್ಲಿ ತಾಂಗ್ ಚಕ್ರವರ್ತಿ ಷುವಾನ್‌ಜಾಂಗ್‌ನ ಲೇಖವನ್ನು 726ರಲ್ಲಿ ಕೊರೆಯಲಾಯಿತು. 6ನೆಯ ಶತಮಾನದ ಸಂಕಲನ 'ವೆನ್ ಷುವಾನ್' ಶಾಸನಬರಹವನ್ನೂ ಸಾಹಿತ್ಯಪ್ರಕಾರವೆಂದೇ ಸೇರಿಸಿಕೊಂಡಿದೆ. ಕಲ್ಲಿನ ಮೇಲಿದೆಯೆಂಬ ಕಾರಣಕ್ಕೆ ಬರಹ ಸಾಹಿತ್ಯದಿಂದ ಹೊರಬೀಳಲಿಲ್ಲ.

ಸಂಸ್ಕೃತದ ಶಾಸನ ಕನ್ನಡ ತರಗತಿಗೆ ಏಕೆಂಬ ಪ್ರಶ್ನೆಗೆ ಉತ್ತರ ಅದೇ ಬೆಟ್ಟದಲ್ಲಿದೆ. ಸುತ್ತಲಿನ ಬಂಡೆಗಳಲ್ಲಿ ಕಳ್ಬಪ್ಪಿನ ಹೆಸರು ಹಿಡಿದು, ಅಲ್ಲಿ ಮುಡಿಪಿದ ಮುನಿಗಳನ್ನೂ ಕಂತಿಯರನ್ನೂ ನೆನೆಯುವ ಕನ್ನಡ ನಿಸಿದಿ ಶಾಸನಗಳಿವೆ. ರೂಪ, ಭೋಗ, ಐಶ್ವರ್ಯಗಳ ನಶ್ವರತೆಯನ್ನರಿತು ಸಂನ್ಯಸನಗೈದ ನಂದಿಸೇನನ ವೃತ್ತ ಅವುಗಳಲ್ಲೊಂದು. 'ಕವಿರಾಜಮಾರ್ಗ'ಕ್ಕಿಂತ ಹಿಂದಿನ ಈ ಪದ್ಯಗಳು ಹುಟ್ಟಿದ ನೆಲದ ಕಲ್ಪನೆ ಕಟವಪ್ರದ ವರ್ಣನೆಯಿಲ್ಲದೆ ದಕ್ಕದು. ಎದುರಿನ ದೊಡ್ಡಬೆಟ್ಟದಲ್ಲಿ ಸುಮಾರು 1180ರಲ್ಲಿ ಗೊಮ್ಮಟನನ್ನು ಸ್ತುತಿಸಿದ ಬೊಪ್ಪಣ ಕವಿಯೆಂದು ಮನ್ನಣೆ ಪಡೆದಿದ್ದಾನೆ. ಹೆಸರಿಲ್ಲದ ಕವಿಗೆ ಆ ಮನ್ನಣೆ ನಿರಾಕರಿಸಲು ಸಾಹಿತ್ಯದ ಕಾರಣವೊಂದೂ ಇಲ್ಲ.

ಸ್ನಾತಕೋತ್ತರ ಪಠ್ಯದಲ್ಲಿ ಈ ಶಾಸನದ ಗಿರಿವರ್ಣನೆಯನ್ನು ಕನ್ನಡ ಅರ್ಥದೊಡನೆ, ನಂದಿಸೇನನ ವೃತ್ತದ ಪಕ್ಕದಲ್ಲಿ, ಕಾವ್ಯವಿಭಾಗದಲ್ಲಿಯೇ ಇಡಬೇಕು. ಭದ್ರಬಾಹು ಯಾರೆಂಬ ಚರ್ಚೆ ಅದರ ಟಿಪ್ಪಣಿಯಲ್ಲಿರಲಿ.