ಗುರು ಹೋದ ಮೇಲೂ ವಿದ್ಯೆ ಉಳಿಯಬೇಡವೇ?

2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಫುಟ್‌ಬಾಲ್ ತಂಡವು ಅಫ್ಘಾನಿಸ್ತಾನದೆದುರು 1–2 ಗೋಲುಗಳಿಂದ ಸೋತಿತು. 2025ರ ಜೂನ್ 10ರಂದು ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಹಾಂಗ್‌ಕಾಂಗ್ ತಂಡವು 1–0ಯಿಂದ ನಮ್ಮನ್ನು ಮಣಿಸಿತು. ಎರಡೂ ಸಲ ಎದುರಾಳಿಗಳ ತರಬೇತುದಾರರಾಗಿದ್ದವರು ಒಬ್ಬರೇ, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ತರಬೇತುದಾರರಾಗಿ ಅವರು ಹೆಸರು ಗಳಿಸಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಇಲ್ಲಿ ಯೋಚಿಸಬೇಕಾದ ಸಂಗತಿ.

1976ರಲ್ಲಿ ಜನಿಸಿದ ವೆಸ್ಟ್‌ವುಡ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿದವರು. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಮೊದಲಾದ ಕ್ಲಬ್ಬುಗಳಲ್ಲಿ ರಕ್ಷಣಾ ಆಟಗಾರರಾಗಿದ್ದರು. 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿ ಅವರನ್ನು ಕರೆತಂದಿತು. ಆ ಕ್ಲಬ್ ತನ್ನ ಮೊದಲ ವರ್ಷವೇ, ಅಂದರೆ 2013–14ರಲ್ಲಿ, ಐ–ಲೀಗ್ ಗೆದ್ದಿತು. 2015ರ ಜನವರಿಯಲ್ಲಿ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ–ಲೀಗ್ ಅದರ ಪಾಲಾದವು. 2016ರಲ್ಲಿ ಬೆಂಗಳೂರು ಬಿಟ್ಟ ಅವರು ಮಲೇಷ್ಯಾಕ್ಕೆ ತೆರಳಿದರು. ಮುಂದೆ ಅಫ್ಘಾನಿಸ್ತಾನ, ಹಾಂಗ್‌ಕಾಂಗ್‌ಗಳ ರಾಷ್ಟ್ರೀಯ ತಂಡಗಳ ಹೊಣೆ ಹೊತ್ತರು. ಬೆಂಗಳೂರಿನಲ್ಲಿ ಅವರ ನಾಯಕರಾಗಿದ್ದ ಸುನಿಲ್ ಛೆಟ್ರಿ ಗುವಾಹಟಿಯಲ್ಲಿ ಅವರೆದುರೇ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು.

ಇದರಲ್ಲಿ ವೆಸ್ಟ್‌ವುಡ್ ಅವರ ತಪ್ಪೇನೂ ಇಲ್ಲ. ಕರೆದಲ್ಲಿಗೆ ಹೋಗಿ ಕೆಲಸ ಮಾಡುವುದು ವೃತ್ತಿಧರ್ಮ. ಅವರು ನಮಗೆ ಕಪ್‌ಗಳನ್ನು ಕೊಟ್ಟರು, ಭಾರತದ ಆಟಗಾರರ ಬಲಾಬಲಗಳ ಅರಿವನ್ನು ಜೊತೆಗೊಯ್ದರು. ಅವರಿಂದ ನಾವು ಉಳಿಸಿಕೊಂಡದ್ದೆಷ್ಟು ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಮಾತ್ರ ನಾವು.

ಸೇವೆಯಲ್ಲಿದ್ದಾಗ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹಲವು ಸಲ ಹೋಗಿದ್ದೇನೆ. ಕಾವೇರಿ ದಂಡೆಯ ಈ ಪುಟ್ಟ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟ ವಿದ್ವಾಂಸರ ಸಂಖ್ಯೆ ಊರಿನ ಗಾತ್ರಕ್ಕೆ ತಾಳೆಯಾಗುವುದಿಲ್ಲ. ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ (1920–2014) ಬದುಕಿನ ಹೆಚ್ಚಿನ ಭಾಗವನ್ನು ಕಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ವಿದ್ವಾಂಸರು ಹೊರಗೆ ಹೋದದ್ದರಿಂದ ಊರಿನ ಸಂಗೀತ ಬರಿದಾಗಲಿಲ್ಲ. ಹೋಗುವವನು ಹೋಗುವ ಮುನ್ನ ಮತ್ತೊಬ್ಬನಿಗೆ, ಬಹುತೇಕ ಮನೆಯೊಳಗೇ, ಪಾಠ ಹೇಳಿರುತ್ತಿದ್ದ. ಅಲ್ಲಿ ಕಛೇರಿ ಎಷ್ಟು ಮುಖ್ಯವೋ ಪಾಠವೂ ಅಷ್ಟೇ ಮುಖ್ಯವಾಗಿತ್ತು.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಮಾನವ ಬಂಡವಾಳದ ಕುರಿತ ತಮ್ಮ 1964ರ ಗ್ರಂಥದಲ್ಲಿ ಎಲ್ಲೆಡೆ ಉಪಯೋಗಕ್ಕೆ ಬರುವ ಕೌಶಲ ಮತ್ತು ಒಂದು ಸಂಸ್ಥೆಗಷ್ಟೇ ಉಪಯುಕ್ತವಾದ ಕೌಶಲ ಎಂಬ ಭೇದ ಮಾಡಿದ್ದಾರೆ. ಮೊದಲನೆಯದು ಕಲಿತವನೊಡನೆಯೇ ಹೊರಟುಹೋಗುತ್ತದೆ. ಆದ್ದರಿಂದ ಅದಕ್ಕೆ ಹಣ ಹೂಡಲು ಮಾಲೀಕ ಹಿಂಜರಿಯುತ್ತಾನೆ. ತರಬೇತಿ ವಿದ್ಯೆ ಅಂಥದ್ದು. 2013ರಿಂದ 2023ರವರೆಗೆ ಬೆಂಗಳೂರು ಎಫ್‌ಸಿ ಪೂರ್ಣಾವಧಿಗೆ ನೇಮಿಸಿದ ಮುಖ್ಯ ತರಬೇತುದಾರರೆಲ್ಲರೂ ವಿದೇಶೀಯರೇ. ಈ ವರ್ಷದ ಕಪ್ ಮುಖ್ಯವಾದ ಖಾಸಗಿ ಕ್ಲಬ್ಬಿನ ದೃಷ್ಟಿಯಿಂದ ಇದು ಸರಿಯಾದ ಲೆಕ್ಕಾಚಾರ. ಸಮಾಜದ ಲೆಕ್ಕ ಬೇರೆ.

ನಮ್ಮವರಿಗೆ ಯೋಗ್ಯತೆಯಿಲ್ಲ ಎಂಬ ವಾದವಂತೂ ನಿಲ್ಲದು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್, 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಬೆಂಗಳೂರಿನವರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ತರಬೇತುದಾರರಾಗಿದ್ದವರು ರವಿ ಬಾಬು ರಾಜು. ಬೆಂಗಳೂರು ಎಫ್‌ಸಿಯಲ್ಲಿ ವಿದೇಶೀಯರ ಸಹಾಯಕರಾಗಿ ದುಡಿದ ನೌಷಾದ್ ಮೂಸಾ 2025ರಲ್ಲಿ 23 ವರ್ಷದೊಳಗಿನವರ ಭಾರತ ತಂಡದ ತರಬೇತುದಾರರಾದರು. ಪಕ್ಕದಲ್ಲಿ ನಿಂತು ಕಲಿಯಲು ಅವಕಾಶವಿದ್ದಲ್ಲಿ ವಿದ್ಯೆ ಉಳಿಯುತ್ತದೆ ಎನ್ನುವುದಕ್ಕೆ ಇದೊಂದೇ ನಿದರ್ಶನ ಸಾಕು.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ ಸ್ವತ್ತು, ಅಂದರೆ ತೆರಿಗೆದಾರರ ಸ್ವತ್ತು. ಅದನ್ನು ಕ್ಲಬ್ಬುಗಳಿಗೆ ಬಾಡಿಗೆಗೆ ಕೊಡುವಾಗ ಹಣದ ಜೊತೆಗೆ ಒಂದು ಷರತ್ತನ್ನೂ ವಿಧಿಸಬಹುದು: ಪ್ರತಿ ವಿದೇಶಿ ತರಬೇತುದಾರನ ಬಳಿ ಇಬ್ಬರು ಸ್ಥಳೀಯರು ಇಡೀ ಋತುವಿಗೆ ಸಹಾಯಕರಾಗಿರಬೇಕು, ಅವರ ಪರವಾನಗಿ ಪರೀಕ್ಷೆಯ ವೆಚ್ಚವನ್ನು ಸರ್ಕಾರ ಭರಿಸಬೇಕು. ಹಾಸನದಂತಹ ಜಿಲ್ಲಾ ಕೇಂದ್ರಗಳಿಗೂ ಅವರು ವರ್ಷಕ್ಕೆ ಕೆಲವು ವಾರ ಹೋಗಿ ಕಲಿಸಬೇಕು.

ವಿದೇಶಿ ಗುರುಗಳು ಬರಲಿ, ಹೋಗಲಿ; ಅದಕ್ಕೆ ಅಡ್ಡಿಯಿಲ್ಲ. ಮುಂದೊಂದು ದಿನ ಇನ್ನೊಂದು ದೇಶದ ತಂಡವನ್ನು ನಡೆಸಲು ಇಲ್ಲಿಂದಲೂ ಒಬ್ಬರು ಹೊರಡಬೇಕು. ಆವರೆಗೂ ನಾವು ಪರರ ವಿದ್ಯೆಗೆ ಬಾಡಿಗೆ ತೆತ್ತುತ್ತಲೇ ಇರುತ್ತೇವೆ.